ಕೈವಾರದ ಎರಡು ಮೊನೆ

ಯುದ್ಧದ ಕಾಲದಲ್ಲಿ ನಾನು ದೇವದುರ್ಗದ ಪ್ರಾಥಮಿಕ ಶಾಲೆಯಲ್ಲಿ ಮಾಸ್ತರನಾಗಿದ್ದೆ. ತರಬೇತಿಗೆಂದು ನನ್ನನ್ನು ರಾಯಚೂರಿಗೆ ಕಳಿಸಿದರು. ಹೆಂಡತಿಯನ್ನು ಮಾನ್ವಿಯ ಅವಳ ತವರಿನಲ್ಲಿ ಬಿಟ್ಟು ಬಸ್ಸು ಹತ್ತಿದೆ. ಪೆಟ್ರೋಲು ಸಿಗದ ದಿನಗಳು. ಬಸ್ಸು ಇದ್ದಿಲ ಹೊಗೆಯ ಮೇಲೆ ಓಡುತ್ತಿತ್ತು. ಏರು ಬಂದಲ್ಲೆಲ್ಲ ನಾವು ಇಳಿದು ನಡೆಯಬೇಕಿತ್ತು.

ಅಲ್ಲಿ ನಮಗೆ ಮನಶ್ಶಾಸ್ತ್ರ ಕಲಿಸುತ್ತಿದ್ದವರು ಹೈದರಾಬಾದಿನಲ್ಲಿ ಓದಿ ಬಂದಿದ್ದ ಒಬ್ಬ ಸಾಹೇಬರು. ಪಾಠ ಉರ್ದುವಿನಲ್ಲಿ ನಡೆಯುತ್ತಿತ್ತು. ನಮ್ಮ ಮುಖ ನೋಡಿ ತಿಳಿದಿಲ್ಲ ಅನಿಸಿದರೆ ಅದನ್ನೇ ಮತ್ತೆ ಕನ್ನಡದಲ್ಲಿ ಹೇಳುತ್ತಿದ್ದರು.

ಒಂದು ದಿನ ಒಂದೇ ಆಕಾರದ ತಗಡಿನ ಡಬ್ಬಿಗಳಲ್ಲಿ ಮರಳು ತುಂಬಿ ತಂದರು. ನಮ್ಮ ಕಣ್ಣಿಗೆ ಬಟ್ಟೆ ಕಟ್ಟಿ ಡಬ್ಬಿಯನ್ನು ಅಂಗೈ ಮೇಲಿಟ್ಟರು. ಆಮೇಲೆ ಅದಕ್ಕೆ ಸ್ವಲ್ಪ ಮರಳು ಸೇರಿಸಿ ಮತ್ತೆ ಇಟ್ಟು, "ಭಾರ ಆತೇನ್ರಿ?" ಎಂದು ಕೇಳಿದರು. ಹಗುರ ಡಬ್ಬಿಗೆ ಚಿಟಿಕೆ ಮರಳು ಬಿದ್ದರೂ ಕೈಗೆ ತಿಳಿಯುತ್ತಿತ್ತು. ಭಾರದ ಡಬ್ಬಿಗೆ ಹಿಡಿ ಮರಳು ಹಾಕಿದರೂ ಗೊತ್ತಾಗಲಿಲ್ಲ.

"ತಕ್ಕಡಿಗಿ ಎರಡೂ ತಿಳೀತದ. ಮನಷ್ಯಾಗ ಹಂಗಲ್ಲ. ಮೊದಲ ಎಷ್ಟು ಹೊತ್ತಾನ ಅನ್ನೋದರ ಮ್ಯಾಲೆ ಅದ," ಎಂದರು ಸಾಹೇಬರು. "ಎಷ್ಟು ಫರಕ್ ಆದ್ರ ಅವಗ ತಿಳೀತದ, ಅದನ್ನ ಅಳೆಯೋದ ನಮ್ಮ ಕೆಲಸ."

ಮರುದಿನ ಚರ್ಮದ ಸರದಿ. ಕೈವಾರದ ಎರಡು ಮೊನೆಗಳನ್ನು ಒಟ್ಟಿಗೆ ಮೈಗೆ ತಾಗಿಸಿ, ಒಂದೋ ಎರಡೋ ಎಂದು ಕೇಳುವುದು. ಬೆರಳ ತುದಿಯಲ್ಲಿ ಮೊನೆಗಳು ತೀರ ಹತ್ತಿರವಿದ್ದರೂ ಎರಡು ಎಂದು ತಿಳಿಯುತ್ತದೆ. ಬೆನ್ನ ಮೇಲೆ ದೂರ ದೂರ ಇಟ್ಟರೂ ಒಂದೇ ಅನಿಸುತ್ತದೆ. ನನ್ನ ಸರದಿ ಬಂತು. ಬಲಗೈ ಎಲ್ಲರಂತೆಯೇ ಇತ್ತು. ಎಡಗೈಯನ್ನು ಮೇಜಿನ ಮೇಲೆ ಚಾಚಿ, ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಕಾಯುತ್ತ ಕೂತೆ.

"ಶುರು ಮಾಡ್ರಿ ಸಾಹೇಬರ," ಎಂದೆ.

"ಶುರು ಮಾಡಿ ಬಹಳ ಹೊತ್ತಾತ್ರಿ ಮಾಸ್ತರ."

ಜೊತೆಯವರು ನಕ್ಕರು. ನನಗೆ ನಾಚಿಕೆಯಾಯಿತು. ಸಾಹೇಬರ ಅಂಗಿಯ ತೋಳು ಸರಿದ ಸದ್ದು ಕೇಳಿದಾಗಲೆಲ್ಲ ಒಂದು, ಎರಡು ಎಂದು ಬಾಯಿಗೆ ಬಂದದ್ದು ಹೇಳತೊಡಗಿದೆ.

"ಈಗ ನಾ ಮುಟ್ಟೇ ಇಲ್ರಿ. ಅಂದಾಜಿಲೆ ಹೇಳಬ್ಯಾಡ್ರಿ," ಎಂದು ಅವರೇ ಬಟ್ಟೆ ಬಿಚ್ಚಿದರು.

ಮಣಿಕಟ್ಟಿನ ಮೇಲೆ, ನಾನು ಚಿಬ್ಬು ಎಂದುಕೊಂಡಿದ್ದ ಬಿಳಿಚು ಕಲೆಯ ನಡುವೆ, ಒಂದು ಹನಿ ರಕ್ತವಿತ್ತು. ಸಾಹೇಬರು ಉಳಿದವರನ್ನು ಹೊರಗೆ ಕಳಿಸಿ, ಟಾಂಗಾ ಕರೆಸಿ ನನ್ನನ್ನು ದವಾಖಾನೆಗೆ ಕರೆದೊಯ್ದರು.

ಡಾಕ್ಟರು ಒಂದು ಗಾಜಿನ ನಳಿಕೆಯಲ್ಲಿ ಬಿಸಿನೀರು, ಇನ್ನೊಂದರಲ್ಲಿ ತಣ್ಣೀರು ತುಂಬಿಸಿ ಕಲೆಯ ಮೇಲಿಟ್ಟರು. ನನಗೆ ಎರಡೂ ಒಂದೇ ಆಗಿದ್ದವು. "ಕುಷ್ಠ," ಎಂದರು. "ಈಗ ಶುರುವಾಗೇದ. ನಿಮ್ಮದು ಮಂದಿಗೆ ಹತ್ತೋ ಥರದ್ದಲ್ಲ. ಇದಕ್ಕಂತ ಒಂದ ಔಷಧದ ಎಣ್ಣಿ ಅದ, ಅದರ ಸೂಜಿ ಹಾಕಾಣ."

ಹೂಂ ಎಂದೆ. ಹೊರಗೆ ಸಾಹೇಬರು ಮೆಲ್ಲಗೆ, "ಏನರ ಅನಸಾಕತ್ತದೇನ್ರಿ?" ಎಂದು ಕೇಳಿದರು.

"ಏನಿಲ್ರಿ," ಎಂದೆ. ನಿಜಕ್ಕೂ ಏನೂ ಇರಲಿಲ್ಲ. ಖಾನಾವಳಿಗೆ ಹೋಗಿ ಎಂದಿನಂತೆ ಉಂಡೆ. ಬಡಿಸುವವನು ಬಂದಾಗ ಇನ್ನೊಂದು ರೊಟ್ಟಿ ಹಾಕಿಸಿಕೊಂಡೆ.

ಮಾನ್ವಿಗೆ ಹೋಗಿ ಮಾವನಿಗೆ ವಿಷಯ ತಿಳಿಸಿದೆ. ಅವರು ಕಟ್ಟೆಯಿಂದೆದ್ದು ಬಾಗಿಲಿಗೆ ಅಡ್ಡ ನಿಂತರು. "ಅಲ್ಲೇ ನಿಂದರ್ರಿ," ಎಂದರು. ಒಳಗಿನಿಂದ ಕೇಳಿಸಿಕೊಂಡಿದ್ದ ನನ್ನ ಹೆಂಡತಿ ಬಟ್ಟೆಯ ಗಂಟು ಹಿಡಿದು ಬಂದಳು.

"ಯಪ್ಪಾ, ದಾರಿ ಬಿಡು. ನಾ ಹೋಗ್ತೀನಿ."

"ಹುಚ್ಚಿ ಅದೀಯೇನ? ಹೋದ್ರ ತಿರುಗಿ ಈ ಮನಿಗಿ ಬರಬ್ಯಾಡ."

ಅವಳು ತಂದೆಯ ಪಕ್ಕದಿಂದ ತೂರಿ ಬಂದು ನನ್ನ ಜೊತೆ ನಿಂತಳು. ಇಬ್ಬರೂ ದೇವದುರ್ಗಕ್ಕೆ ಬಂದೆವು.

ನಾನು ತರಬೇತಿಯನ್ನು ಅರ್ಧಕ್ಕೇ ಬಿಟ್ಟು ಶಾಲೆಗೆ ರಜೆ ಹಾಕಿದೆ. ಸೂಜಿಗೆಂದು ರಾಯಚೂರಿಗೆ ಹೋಗಿ ಬರುತ್ತಿದ್ದೆ. ಸಾಹೇಬರು ಪರೀಕ್ಷೆ ಮಾಡಿದ ಬಗೆಯನ್ನು ಅವಳು ಕೆದಕಿ ಕೆದಕಿ ಕೇಳಿದಳು. ಆಮೇಲೆ ಕಸಬರಿಗೆಯಿಂದ ಒಂದು ಕಡ್ಡಿ ಎಳೆದು, "ಕಣ್ಣ ಮುಚ್ಚರಿ," ಎಂದಳು. ಮೊಣಕೈಯಿಂದ ಕೆಳಗೆ ಮುಟ್ಟುತ್ತ ಬಂದಳು. ನಾನು ಹಾಂ, ಹಾಂ ಎನ್ನುತ್ತಿದ್ದೆ. ನನ್ನ ದನಿ ನಿಂತಲ್ಲಿ ಕಾಡಿಗೆಯ ಚುಕ್ಕೆ ಇಟ್ಟಳು. ಮಣಿಕಟ್ಟಿನಿಂದ ಆ ಚುಕ್ಕೆಯವರೆಗೆ ದಾರ ಹಿಡಿದು ಗಂಟು ಹಾಕಿ, ಅದನ್ನು ಗೋಡೆಯ ಗೂಡಿನಲ್ಲಿಟ್ಟಳು. ಪ್ರತಿ ಅಮಾವಾಸ್ಯೆಗೆ ಹೀಗೆ ನಡೆಯಿತು. ಹೊಸ ಗಂಟು ಹಳೆಯದಕ್ಕಿಂತ ಮೇಲೆ ಬಿದ್ದ ದಿನ ಅವಳು ಅಡಿಗೆ ಮನೆಗೆ ಹೋಗಿ ಅಳುವುದು ಕೇಳುತ್ತಿತ್ತು. ನಾನು ಕೂತಲ್ಲೇ ಕೂತಿರುತ್ತಿದ್ದೆ.

ಇದನ್ನು ಸಾಹೇಬರಿಗೆ ಹೇಳಿದಾಗ ಅವರು ನಗಲಿಲ್ಲ. "ಕಡ್ಡಿ ಬ್ಯಾಡ್ರಿ. ಒಮ್ಮೆ ಜೋರ ಒತ್ತತಾರ, ಒಮ್ಮೆ ಹಗೂರ," ಎಂದು, ಟಾಂಗಾ ಕುದುರೆಯ ಬಾಲದ ಕೂದಲೊಂದನ್ನು ಕಡ್ಡಿಯ ತುದಿಗೆ ಅಂಟಿಸಿ ಕೊಟ್ಟರು. "ಎಷ್ಟ ಒತ್ತಿದ್ರೂ ಕೂದಲ ಬಾಗ್ತದ. ಹಿಂಗಾಗಿ ಪ್ರತಿ ಸಲ ಒತ್ತು ಒಂದೇ ಇರ್ತದ. ನಿಮ್ಮ ಮನಿ ಬಾಯಾರಿಗೆ ಹೇಳ್ರಿ."

ಅವಳು ಅದರಿಂದಲೇ ಅಳೆದಳು. ಮಳೆಗಾಲ ಕಳೆದ ಮೇಲೆ ಗಂಟು ಮೇಲೇರುವುದು ನಿಂತಿತು. "ಅಷ್ಟೇ ಅದ," ಎಂದಳು. ಮುಂದಿನ ಅಮಾವಾಸ್ಯೆಗೂ ಅದೇ ಮಾತು. ನನಗೆ ಸಂತೋಷವಾಗಬೇಕಿತ್ತು. ಕೈ ತೊಳೆದು ಊಟಕ್ಕೆ ಕೂತೆ.

ಕೆಲಸಕ್ಕೆ ಅಡ್ಡಿಯಿಲ್ಲವೆಂದು ಡಾಕ್ಟರು ಚೀಟಿ ಕೊಟ್ಟರು, ಶಾಲೆಗೆ ಮರಳಿದೆ. ಬೇಸಿಗೆಯಲ್ಲಿ ಮಾವ ದೇವದುರ್ಗಕ್ಕೆ ಬಂದರು. ಹೊರಗೇ ಬಹಳ ಹೊತ್ತು ನಿಂತಿದ್ದರು. ಹೆಂಡತಿ, "ಒಳಗ ಬಾ ಯಪ್ಪಾ, ಬಿಸಲಾಗ ಯಾಕ ನಿಂತಿ?" ಎಂದ ಮೇಲೆ ಒಳಗೆ ಬಂದು ನನ್ನ ಪಕ್ಕದಲ್ಲಿ ಕೂತರು. ನನ್ನ ಎಡಗೈಯನ್ನು ಹಿಡಿದುಕೊಂಡು, "ತಪ್ಪಾತ್ರಿ," ಎಂದರು.

ಅವರ ಬೆರಳುಗಳು ಆ ಕಲೆಯ ಮೇಲೆಯೇ ಇದ್ದವು. ನನಗೆ ಅದು ಕಣ್ಣಿಗೆ ಕಂಡಿತು, ಅಷ್ಟೆ.

"ಊಟಕ್ಕ ಏಳ್ರಿ," ಎಂದೆ.