ಸೋರುವ ತೊಲೆಯ ಕೆಳಗಿನ ಮಂಚ

ಮಿರಜ ಪೇಟೆಯ ಹಿಂದಿನ ಓಣಿಯಲ್ಲಿ ನಮ್ಮ ಮನೆ. ಕೆಳಗೆ ಅವ್ವ, ನಾನು ಮತ್ತು ಅಪ್ಪನ ತಾಯಿ, ನಮ್ಮ ಅಜ್ಜಿ. ಮೇಲಿನ ಅಂತಸ್ತಿನಲ್ಲಿ ಅಪ್ಪನ ತಮ್ಮ, ಅಂದರೆ ಕಾಕಾ, ಮತ್ತು ಆತನ ಸಂಸಾರ. ಅಪ್ಪ ತೀರಿಕೊಂಡ ಮೇಲೆ ಅವ್ವ ಕಡಕ್ ರೊಟ್ಟಿ, ಶೇಂಗಾ ಚಟ್ನಿ ಮಾಡಿ ಅಂಗಡಿಗಳಿಗೆ ಕೊಟ್ಟು ಮನೆ ನಡೆಸುತ್ತಿದ್ದಳು. ಕಾಕಾನಿಗೆ ಅವು ಒಳ್ಳೆಯ ದಿನಗಳು. ಸಾಂಗಲಿಗೂ ಮಿರಜಕ್ಕೂ ನಡುವಿನ ಹೊಲಗಳೆಲ್ಲ ಪ್ಲಾಟುಗಳಾಗುತ್ತಿದ್ದವು. ವಿಶ್ರಾಮಬಾಗದ ಕಡೆ ಆತ ಕೊಡುವವರ, ಕೊಳ್ಳುವವರ ನಡುವೆ ನಿಂತು ಚೆನ್ನಾಗಿ ಗಳಿಸಿದ. ಮೊದಲು ಎಲ್ಲರದೂ ಹಿತ್ತಲ ಬಚ್ಚಲಲ್ಲೇ ಜಳಕ. ಈಗ ಆತ ಮೇಲೆಯೇ ಹೊಳೆಯುವ ಟೈಲ್ಸ್ ಹಾಕಿಸಿ ಬಾತ್‌ರೂಮು ಕಟ್ಟಿಸಿದ.

ಮುಂದಿನ ಮಳೆಗಾಲದ ಹೊತ್ತಿಗೆ ಆ ಬಾತ್‌ರೂಮಿನ ನೀರು ನಮ್ಮ ನಡುಮನೆಗೆ ಇಳಿಯಿತು. ಮಣ್ಣಿನ ಗೋಡೆ ಉಬ್ಬಿತು. ತೊಲೆಯ ತುದಿ ಕೊಳೆತು, ಬೆರಳಿಟ್ಟರೆ ಪುಡಿಪುಡಿ ಉದುರುತ್ತಿತ್ತು. ಕಾಕಾ ಬಂದು ನೋಡಿದ. ಹಳೇ ಮನೆಗೆ ರಿಪೇರಿ ದಂಡ, ಕೆಡವಿ ಅಪಾರ್ಟ್‌ಮೆಂಟ್ ಎಬ್ಬಿಸೋಣ, ಅಲ್ಲಿತನಕ ನೀವು ಸಲಗರೆಗೆ ಹೋಗಿ ಇರಿ ಎಂದ. ಸಲಗರೆ ಅವ್ವನ ತವರು. ಒಮ್ಮೆ ಅಲ್ಲಿಗೆ ಹೋದರೆ ಮರಳಿ ಈ ಹೊಸ್ತಿಲು ತುಳಿಯಲು ಬಿಡುವುದಿಲ್ಲವೆಂದು ಅವ್ವನಿಗೆ ಗೊತ್ತಿತ್ತು.

ತೊಲೆ ಬದಲಿಸಿ ಗೋಡೆ ಕಟ್ಟಲು ಪಾಲಿಕೆಯ ಪರವಾನಗಿ ಬೇಕಿತ್ತು. ಕಾಲೇಜಿನಲ್ಲಿದ್ದ ನಾನು ಮರಾಠಿಯಲ್ಲಿ ಅರ್ಜಿ ಬರೆದೆ. ಕಚೇರಿಯ ಗುಮಾಸ್ತರು ಪೂರ್ತಿ ಓದಿ, ಮನೆ ಯಾರ ಹೆಸರಿನಲ್ಲಿದೆ ಎಂದು ಕೇಳಿದರು. ಅಜ್ಜಿಯ ಹೆಸರಿನಲ್ಲಿತ್ತು. ಹಾಗಾದರೆ ಆಕೆಯ ಹೆಬ್ಬಟ್ಟು ಹಾಕಿಸಿಕೊಂಡು ಬನ್ನಿ ಎಂದು ಕಾಗದ ತಿರುಗಿ ಕೊಟ್ಟರು. ಅವರದೇನೂ ತಪ್ಪಿರಲಿಲ್ಲ.

ಅಜ್ಜಿಗೆ ಕಾಲು ಸ್ವಾಧೀನವಿರಲಿಲ್ಲ. ಮೆಟ್ಟಿಲು ಹತ್ತಲಾಗದ್ದಕ್ಕೆ ನಮ್ಮ ಜೊತೆ ಇದ್ದಳೇ ಹೊರತು ಜೀವವೆಲ್ಲ ಮೇಲಿನ ಮಗನ ಮೇಲೆ. ಆಕೆಗೆ ಉಣ್ಣಿಸುವುದು, ಹಾಸಿಗೆಯಲ್ಲಾದ ಹೊಲಸು ಬಳಿಯುವುದು ಅವ್ವನ ಪಾಲಿಗಿತ್ತು. ಅವ್ವ ಅರ್ಜಿ ಮತ್ತು ಮಸಿಯ ಡಬ್ಬಿ ಹಿಡಿದು ನಿಂತಾಗ ಅಜ್ಜಿ ಕೈಯನ್ನು ಕೌದಿಯೊಳಗೆ ಎಳೆದುಕೊಂಡಳು.

“ನಾ ಒತ್ತಂಗಿಲ್ಲ. ಗ್ವಾಡಿ ಬಿದ್ರ ನಿನ್ನ ಮ್ಯಾಲ ಬೀಳಲಿ. ಗಂಡನ್ನ ನುಂಗಿದಾಕಿಗೆ ಮನಿ ಯಾಕ ಬೇಕು?”

ಅವ್ವ ಹೊರಳಿ ಬಂದಳು. ಮತ್ತೆ ಮತ್ತೆ ಕೇಳಿದಳು, ಪ್ರತಿ ಸಲವೂ ಅದೇ ಮಾತು. ಒಂದು ಸಂಜೆ ಅಜ್ಜಿಗೆ ಉಣ್ಣಿಸಿ ತಾಟು ತೊಳೆದಿಟ್ಟು ಬಂದವಳು ಆಕೆಯ ಮಂಚದ ತಲೆದೆಸೆ ಹಿಡಿದು, ನನಗೆ ಕಾಲ್ದೆಸೆ ಹಿಡಿ ಎಂದಳು. ಪಡಸಾಲೆಯ ಒಣ ಮೂಲೆಯಲ್ಲಿದ್ದ ಮಂಚ ನಡುಮನೆಗೆ ಬಂತು. ಅವ್ವ ಮೇಲೆ ನೋಡಿ ನೋಡಿ, ತೊಲೆ ಸೋರುವ ಜಾಗದ ನೇರಕ್ಕೆ ಅದನ್ನು ಸರಿಸಿದಳು.

“ಇಲ್ಲೇ ಮಲಕೋರಿ ಅತ್ತಿ. ನಿಮ್ಮ ಮಗನ ಮನಿ ನೀರು, ಅದಕ್ಕೇನು ಮೈಲಿಗಿ ಇಲ್ಲ.”

ಬೆಳಿಗ್ಗೆ ಮೇಲೆ ಒಬ್ಬರಾದ ಮೇಲೊಬ್ಬರ ಜಳಕ ಶುರುವಾಯಿತು. ಸಾಬೂನಿನ ವಾಸನೆಯ ನೀರು ಅಜ್ಜಿಯ ಎದೆಯ ಮೇಲೆ, ಕೌದಿಯ ಮೇಲೆ ಬಿತ್ತು. ಆಕೆ ಮಗನನ್ನು ಕೂಗಿ ಕರೆದಳು. ಕಾಕಾ ಹೆಗಲ ಮೇಲೆ ಟವೆಲ್ಲು ಹಾಕಿಕೊಂಡೇ ಇಳಿದು ಬಂದ. ಈಗ ತಾಯಿಯನ್ನು ಎತ್ತಿಕೊಂಡು ಹೋಗುತ್ತಾನೆ ಎಂದುಕೊಂಡೆ. ಅಜ್ಜಿಯೂ ಹಾಗೆಯೇ ಎಂದುಕೊಂಡಿರಬೇಕು, ಎರಡೂ ಕೈ ಮೇಲೆತ್ತಿದಳು. ಆತ ತೊಲೆಯನ್ನು ನೋಡಿದ, ಆಕೆಯನ್ನು ನೋಡಿದ.

“ವೈನಿ, ಅವ್ವಗ ಒಂದು ಪ್ಲಾಸ್ಟಿಕ್ ಹಾಳಿ ಹೊಚ್ಚರಿ,” ಎಂದು ನಮ್ಮವ್ವನಿಗೆ ಹೇಳಿ ಮೇಲಕ್ಕೆ ಹೋದ.

ಅವ್ವ ಹೊಚ್ಚಿದಳು. ಆಮೇಲೆ ನೀರು ಬಿದ್ದಾಗಲೆಲ್ಲ ಪ್ಲಾಸ್ಟಿಕ್ಕಿನ ಮೇಲೆ ಪಟಪಟ ಸಪ್ಪಳ. ಊಟ ಹೊತ್ತಿಗೆ ಸರಿಯಾಗಿ ಬರುತ್ತಿತ್ತು, ಮೈ ಒರೆಸುವುದೂ ತಪ್ಪಲಿಲ್ಲ. ಮಂಚ ಮಾತ್ರ ಅಲುಗಲಿಲ್ಲ. ಅಜ್ಜಿಗೆ ಕೆಮ್ಮು ಹತ್ತಿತು. ಕಾಕಾ ಹೋಗುವಾಗ ಬರುವಾಗ ಬೇರೆ ಕಡೆ ನೋಡುತ್ತಿದ್ದ. ಕೆಲವು ದಿನ ಕಳೆದ ಮೇಲೆ ಅಜ್ಜಿ ಹಾಳೆಯಡಿಯಿಂದ ಬಲಗೈ ಹೊರಗೆ ಚಾಚಿದಳು. ಅವ್ವ ಆ ಹೆಬ್ಬೆರಳಿಗೆ ಮಸಿ ಹಚ್ಚಿ ಒತ್ತಿಸಿದಳು, ಸೆರಗಿನಿಂದ ಒರೆಸಿ ಕೈಯನ್ನು ಮತ್ತೆ ಒಳಗಿಟ್ಟಳು.

ಪಾಲಿಕೆಯಿಂದ ಓವರ್‌ಸಿಯರ್ ಬಂದು ನೋಡಿ ಹೋದರು. ಪರವಾನಗಿಯ ಜೊತೆಗೆ, ಮೇಲಿನ ಸೋರಿಕೆಯನ್ನು ಮೊದಲು ನಿಲ್ಲಿಸಬೇಕೆಂದೂ ಬರೆದುಕೊಟ್ಟರು. ಕಾಕಾ ತನ್ನ ಟೈಲ್ಸ್ ತಾನೇ ಕೀಳಿಸಬೇಕಾಯಿತು. ಹೊಸ ತೊಲೆ ಕೂತಿತು, ಗೋಡೆಗೆ ಗಾರೆಯ ಗಿಲಾವು ಆಯಿತು. ಕೆಲಸ ಮುಗಿಯುವತನಕ ಬದಿಗೆ ಸರಿಸಿದ್ದ ಮಂಚ ಮತ್ತೆ ಅದೇ ಜಾಗಕ್ಕೆ ಬಂತು. ಪಡಸಾಲೆಗೆ ಒಯ್ಯಲೇನು ಎಂದು ಅವ್ವ ಅಜ್ಜಿಯನ್ನು ಕೇಳಲಿಲ್ಲ, ಅಜ್ಜಿಯೂ ಬೇಡಲಿಲ್ಲ.

ಗೋಡೆ ಒಣಗಿದ ಮೇಲೆ ಅಜ್ಜಿ ನನ್ನಿಂದ ಕಾಕಾನಿಗೆ ಬಂದು ಹೋಗೆಂದು ಹೇಳಿಕಳಿಸಿದಳು. ಆತ ಬಂದು ಗೋಡೆ ಬಡಿದು ನೋಡಿದ. ಮಂಚದ ಅಂಚಿಗೆ ಕೂತು ಆಕೆಯ ಕಿವಿಯ ಹತ್ತಿರ ಬಗ್ಗಿದ.

“ಅವ್ವಾ, ಆ ಅರ್ಜಿ ಒಂದ ಬಿಟ್ಟು ಮತ್ಯಾವದಕ್ಕರೆ ಹೆಬ್ಬಟ್ಟು ಒತ್ತಿದೀಯೇನು?”

ಅಜ್ಜಿ ಇಲ್ಲವೆಂದು ತಲೆ ಅಲುಗಿಸಿದಳು. ಅಷ್ಟು ತಿಳಿದದ್ದೇ ಆತ ಎದ್ದು ಹೋದ. ಅಡುಗೆಮನೆಯ ಬಾಗಿಲಲ್ಲಿ ಕೈಯೆಲ್ಲ ಹಿಟ್ಟು ಮಾಡಿಕೊಂಡು ನಿಂತಿದ್ದ ಅವ್ವ ನಕ್ಕಳು. ಅಪ್ಪ ಹೋದ ಮೇಲೆ ಆಕೆ ದನಿಯೆತ್ತಿ ನಕ್ಕದ್ದನ್ನು ನಾನು ಕೇಳಿದ್ದು ಅದೇ ಮೊದಲು. ಅಜ್ಜಿ ಗೋಡೆಯ ಕಡೆ ಮುಖ ಹೊರಳಿಸಿದಳು.