ಮಾದಪ್ಪನ ಪಟದ ಮುಂದಿನ ಕೆಂಪು ಬಲ್ಬು

ಇಂಥದ್ದನ್ನೆಲ್ಲ ನಾನು ನಂಬುತ್ತಿರಲಿಲ್ಲ. ಈಗಲೂ ನಂಬುತ್ತೇನೆಂದು ನನ್ನ ಬಾಯಿಂದ ಹೇಳಿಸಲು ಯಾರಿಂದಲೂ ಆಗುವುದಿಲ್ಲ. ಸೇಲಂನಲ್ಲಿ ನನ್ನದು ಕಾರು, ಲಾರಿಗಳ ವೈರಿಂಗ್ ಕೆಲಸ. ಬ್ಯಾಟರಿ ಸತ್ತರೆ ಅದಕ್ಕೊಂದು ಕಾರಣ ಇದ್ದೇ ಇರುತ್ತದೆ. ಸಿಗಲಿಲ್ಲ ಎಂದರೆ ಹುಡುಕಿದವನು ಸರಿಯಾಗಿ ಹುಡುಕಿಲ್ಲ, ಅಷ್ಟೇ. ಗಾಳಿ, ದೃಷ್ಟಿ ಎಂದು ಬಂದವರನ್ನು ಅಂಗಡಿಯ ಮುಂದೆಯೇ ನಿಲ್ಲಿಸಿ ನಕ್ಕು ಕಳಿಸಿದ್ದೇನೆ. ಹಾಗೆ ನಕ್ಕವನೇ ಇದನ್ನು ಬರೆಯುತ್ತಿದ್ದೇನೆ. ನೀವೂ ನಗುವುದಿದ್ದರೆ ನಗಿ, ಪೂರ್ತಿ ಓದಿ ನಗಿ.

ತೊಂಬತ್ತರ ದಶಕದ ನಡುವಿನ ಮಾತು. ಮೆಟ್ಟೂರು ದಾಟಿ, ಕೊಳತ್ತೂರಿನ ಹತ್ತಿರದ ಹಳ್ಳಿಯೊಂದರಲ್ಲಿ ನಮ್ಮ ದೊಡ್ಡಮ್ಮನ ಮನೆ. ಅವಳ ಮಗ ಮಾದೇಶ ಹಳೆಯ ಬಿಳಿ ಕಾರೊಂದನ್ನು ಬಾಡಿಗೆಗೆ ಓಡಿಸುತ್ತಿದ್ದ. ಅವನನ್ನು ಮದುವೆಯಾದ ಎಡಪ್ಪಾಡಿ ಕಡೆಯ ಜಯಾ ಅದೇ ಕಾರಿನಲ್ಲಿ ಗಂಡನ ಮನೆಗೆ ಬಂದಳು. ಅಂದಿನಿಂದ ಕಾರಿಗೆ ಗ್ರಹಚಾರ ಹಿಡಿಯಿತು. ಎರಡು ಮೂರು ದಿನ ನಿಂತರೆ ಸಾಕು, ಬ್ಯಾಟರಿ ಪೂರಾ ಇಳಿದುಹೋಗುತ್ತಿತ್ತು. ಬ್ಯಾಟರಿ ಬದಲಾಯಿಸಿದರು, ಡೈನಮೋ ಬಿಚ್ಚಿಸಿ ಕಟ್ಟಿಸಿದರು, ನಿಂಬೆಹಣ್ಣು ಕಟ್ಟಿದರು. ಆದರೂ ನಾಲ್ಕು ಜನ ತಳ್ಳದೆ ಕಾರು ಹೊರಡುತ್ತಿರಲಿಲ್ಲ.

ಕೊನೆಗೆ ದೊಡ್ಡಮ್ಮ ಎಲ್ಲ ತಪ್ಪನ್ನೂ ಜಯಾಳ ಕಾಲ್ಗುಣದ ಮೇಲೆ ಹಾಕಿದಳು. ಶುಕ್ರವಾರ ಅವಳನ್ನು ತವರಿಗೆ ಬಿಟ್ಟು ಬರುವುದು, ಆಮೇಲೆ ನೋಡಿಕೊಳ್ಳುವುದು ಎಂದು ತೀರ್ಮಾನವಾಯಿತು. ಹಾಗೆ ಬಿಟ್ಟು ಬಂದ ಹೆಣ್ಣನ್ನು ಮತ್ತೆ ಕರೆತರುವವರು ನಮ್ಮಲ್ಲಿ ಅಪರೂಪ. ಮಾದೇಶನೋ, ಅಮ್ಮನ ಮುಂದೆ ಬಾಯಿಗೆ ಬೀಗ ಹಾಕಿಕೊಂಡಿದ್ದ. ಸುದ್ದಿ ಕೇಳಿ ನನಗೆ ಮೈಯೆಲ್ಲ ಉರಿದುಹೋಯಿತು. ಗುರುವಾರ ಬೆಳಗ್ಗೆಯೇ ಸಾಮಾನಿನ ಚೀಲ ಹಿಡಿದು ಬಸ್ಸು ಹತ್ತಿದೆ.

ನಾನು ಹೋಗುವಷ್ಟರಲ್ಲಿ ಜಯಾಳ ತಗಡಿನ ಪೆಟ್ಟಿಗೆ ಜಗಲಿಗೆ ಬಂದಿತ್ತು. ಅವಳು ಅಳುತ್ತಿರಲಿಲ್ಲ. “ಬನ್ನಿ ಬಾವ. ಬ್ಯಾಟ್ರಿ ಸತ್ರೆ ಅದ್ಕೂ ನನ್ ಕಾಲ್ಗೂ ಏನ್ ಸಂಬಂದ, ಅದೊಂದ್ ಕಂಡಿಡೀರಿ ಸಾಕು,” ಎಂದಳು.

ಮನೆಯ ಪಕ್ಕದ ಚಪ್ಪರದ ಕೆಳಗೆ ಕಾರು ನಿಂತಿತ್ತು. ಕೀಲಿ ತೆಗೆದಿಟ್ಟು, ಬ್ಯಾಟರಿಯ ಒಂದು ಕೇಬಲ್ ಬಿಚ್ಚಿ, ಆ ಕೇಬಲ್ಲಿಗೂ ಬ್ಯಾಟರಿಗೂ ನಡುವೆ ಟೆಸ್ಟ್ ಲ್ಯಾಂಪ್, ಎಂದರೆ ಕರೆಂಟು ಹರಿದರೆ ಉರಿಯುವ ಪುಟ್ಟ ಬಲ್ಬು, ಹಿಡಿದೆ. ಎಲ್ಲ ಆರಿಸಿಟ್ಟ ಕಾರಿನಲ್ಲಿ ಅದು ಉರಿಯಬಾರದು. ಮಂಕಾಗಿ ಉರಿಯಿತು. ಎಂದರೆ ಎಲ್ಲೋ ಕರೆಂಟು ಸೋರುತ್ತಿದೆ. ಫ್ಯೂಸುಗಳನ್ನು ಒಂದೊಂದಾಗಿ ಕಿತ್ತೆ, ಆರಲಿಲ್ಲ. ಡೈನಮೋ ವೈರು ಬಿಚ್ಚಿದೆ, ಆರಲಿಲ್ಲ. ಒಂದು ಗಂಟೆ ಒದ್ದಾಡಿದ ಮೇಲೆ, ಬ್ಯಾಟರಿಯಿಂದ ನೇರವಾಗಿ ಹೊರಟ, ಫ್ಯೂಸೇ ಇಲ್ಲದ ಒಂದು ತೆಳ್ಳನೆಯ ವೈರು ಕೈಗೆ ಸಿಕ್ಕಿತು. ಅದರ ಜಾಡು ಹಿಡಿದು ಹೋದರೆ, ಸ್ಟೀರಿಂಗಿನ ಪಕ್ಕದ ಮಾದಪ್ಪನ ಪಟದ ಮುಂದೆ ಉರಿಯುತ್ತಿದ್ದ ಕೆಂಪು ಬಲ್ಬಿಗೆ ಹೋಗಿ ಸೇರಿತು.

ಅಯ್ಯೋ ನನ್ನ ಬುದ್ಧಿಗಿಷ್ಟು! ಬಂದಾಗಿನಿಂದ ಅದು ಕಣ್ಣೆದುರಿಗೇ ಉರಿಯುತ್ತಿತ್ತು. ಮದುವೆಯ ದಿನ ಹೆಣ್ಣು ಕಾರು ಹತ್ತುವಾಗ ಹಚ್ಚಿದ ದೀಪ, ಕೀಲಿ ತೆಗೆದರೂ ಆರಬಾರದು ಎಂದು ದೊಡ್ಡಮ್ಮನೇ ಹಾಗೆ ಮಾಡಿಸಿದ್ದಳಂತೆ. ಬಂದ ಮೆಕ್ಯಾನಿಕ್ಕುಗಳೆಲ್ಲ ಅದಕ್ಕೆ ಕೈಮುಗಿದು ಬೇರೆ ಕಡೆ ಹುಡುಕಿ ಹೋಗಿದ್ದರು. ದೇವರ ದೀಪವೂ ಬ್ಯಾಟರಿಯಿಂದಲೇ ಕುಡಿಯುತ್ತದೆ ಎಂದು ಯಾರಿಗೂ ಹೊಳೆದಿರಲಿಲ್ಲ. ಯಾವುದನ್ನೂ ನಂಬದ ನನಗೂ ಒಂದು ಗಂಟೆ ಹೊಳೆಯಲಿಲ್ಲ, ಅದು ಇನ್ನೂ ನಾಚಿಕೆ.

ದೊಡ್ಡಮ್ಮನನ್ನು ಬಾನೆಟ್ಟಿನ ಮುಂದೆ ನಿಲ್ಲಿಸಿ, ಅವಳ ಕಣ್ಣೆದುರಿಗೇ ಆ ವೈರನ್ನು ಕತ್ತರಿಸಿದೆ. ಟೆಸ್ಟ್ ಲ್ಯಾಂಪ್ ಆರಿತು. ಇಷ್ಟು ದಿನ ಬ್ಯಾಟರಿ ತಿಂದದ್ದು ಇದೇ ಎಂದೆ. ಅವಳು ಒಪ್ಪಬೇಕಲ್ಲ! “ಪೋಡಾ, ಓಗೋ! ಬೆರ್ಳುದ್ದದ್ ಬಲ್ಬು ಅಷ್ಟ್ ದೊಡ್ ಕಾರ್ನ ಸಾಯಿಸ್ತದಾ? ಇವ್ಳ್ ತಪ್ನ ತಂದು ಮಾದಪ್ಪನ್ ಮ್ಯಾಲಾಕ್ತೀಯಾ ಲೇ?” ಎಂದು ನನಗೇ ಬೈದಳು. ಸಣ್ಣ ತೂತಿನಿಂದಲೂ ಹಂಡೆ ಬರಿದಾಗುತ್ತದೆ ಎಂದು ಬಿಡಿಸಿ ಹೇಳಿದೆ. ಗೋಡೆಗೆ ಹೇಳಿದಂತಾಯಿತು. ಸಿಟ್ಟು ನೆತ್ತಿಗೇರಿ, ಉಳಿದ ಕೇಬಲ್ಲನ್ನೂ ಬಿಚ್ಚಿ, ಬ್ಯಾಟರಿಯನ್ನೇ ಎತ್ತಿ ನೆಲದ ಮೇಲೆ ಇಟ್ಟೆ.

ಆಗ ಕಾರಿನ ಬಾಗಿಲ ಬಳಿ ನಿಂತಿದ್ದ ಜಯಾ ಮೆಲ್ಲಗೆ, “ಬಾವ, ದೀಪ ಇನ್ನೂ ಉರೀತೈತೆ,” ಎಂದಳು.

ಹೋಗಿ ನೋಡಿದೆ. ಉರಿಯುತ್ತಿತ್ತು. ಒಳಗೇನಾದರೂ ಸೆಲ್ ಇದೆಯೇ ಎಂದು ಪಟ ಕಿತ್ತು ತಿರುಗಿಸಿದೆ. ಬರೀ ಗಾಜು, ರಟ್ಟು. ಬಲ್ಬಿನ ಹೋಲ್ಡರಿಗೆ ಬಂದಿದ್ದ ಎರಡೂ ವೈರುಗಳನ್ನು ಎಳೆದು ಹಾಕಿದೆ. ಹೋಲ್ಡರು ನನ್ನ ಅಂಗೈ ಮೇಲಿತ್ತು, ಬೆಚ್ಚಗಿತ್ತು, ಬಲ್ಬು ಕೆಂಪಗೆ ಉರಿಯುತ್ತಲೇ ಇತ್ತು. ಹಾಡುಹಗಲು ಅದು, ಕತ್ತಲಲ್ಲಿ ಕಣ್ಣು ಮೋಸ ಮಾಡಿತು ಎನ್ನಬೇಡಿ. ನನಗೆ ಹೆದರಿಕೆಯಾಯಿತು. ಮುಚ್ಚಿಡುವುದೇಕೆ?

ದೊಡ್ಡಮ್ಮ ಕೆನ್ನೆ ಕೆನ್ನೆ ಬಡಿದುಕೊಂಡು, ಮಾದಪ್ಪ ಮುನಿದಿದ್ದಾನೆ, ಇವಳನ್ನು ಇವತ್ತೇ ಕಳಿಸಿ ಎಂದು ಕೂಗಿದಳು. ಜಯಾ ಸೆರಗು ಸೊಂಟಕ್ಕೆ ಸಿಕ್ಕಿಸಿ ಎದುರಿಗೆ ಬಂದು ನಿಂತಳು.

“ಯಾಕ್ ಓಗ್ಲಿ ಅತ್ತೆ? ನಾನ್ ಕಾಲಿಕ್ಕಿದ್ ದಿನ ನೀವೇ ಅಚ್ಚ್ಸಿದ್ ದೀಪ ಇದು. ಆರ್ಬಾರ್ದು ಅಂದ್ರಿ. ವೈರ್ ಕಿತ್ರೂ ಆರ್ಲಿಲ್ಲ. ನನ್ ಕಾಲ್ಗುಣಕ್ಕೆ ಇನ್ನೇನ್ ಸಾಕ್ಸಿ ಬೇಕು ನಿಮ್ಗೆ?”

ದೊಡ್ಡಮ್ಮ ನನ್ನ ಅಂಗೈ ಮೇಲಿನ ದೀಪಕ್ಕೆ ಕೈಮುಗಿದಳು. ಜಯಾ ಜಗಲಿಗೆ ಹೋಗಿ, ತನ್ನ ಪೆಟ್ಟಿಗೆಯನ್ನು ತಾನೇ ಎತ್ತಿಕೊಂಡು ಒಳಗೆ ನಡೆದಳು. ನಾನು ಮತ್ತೆ ಅಂಗೈ ನೋಡುವಾಗ ಬಲ್ಬು ಆರಿತ್ತು. ಯಾವಾಗ ಆರಿತೋ ಯಾರೂ ನೋಡಿರಲಿಲ್ಲ. ಕೀಲಿ ಹಾಕಿದಾಗ ಮಾತ್ರ ಉರಿಯುವಂತೆ ಅದನ್ನು ಮತ್ತೆ ಜೋಡಿಸಿಕೊಟ್ಟು ಬಂದೆ. ಆ ಕಾರಿನ ಬ್ಯಾಟರಿ ಆಮೇಲೆ ಒಮ್ಮೆಯೂ ಇಳಿಯಲಿಲ್ಲ.

ಕಸುಬಿನವರು ಏನೇನೋ ಕಾರಣ ಹೇಳಿದ್ದಾರೆ. ಆ ಬಲ್ಬನ್ನು ಕೈಯಲ್ಲಿ ಹಿಡಿದವನು ನಾನು, ಒಂದೂ ಹೊಂದುವುದಿಲ್ಲ. ಮಾದಪ್ಪನ ಮಹಿಮೆ ಎನ್ನುವವರಿಗೂ ನಾನು ತಲೆಯಾಡಿಸುವುದಿಲ್ಲ. ಗೊತ್ತಿಲ್ಲ ಎಂದರೆ ಗೊತ್ತಿಲ್ಲ. ಆದರೆ ಒಂದು ಸಿಟ್ಟು ಇಂದಿಗೂ ಇಳಿದಿಲ್ಲ. ಆ ಹುಡುಗಿಯದು ತಪ್ಪಿಲ್ಲ ಎಂದು ನಾನು ವೈರು ಹಿಡಿದು ತೋರಿಸಿದ್ದೆ, ಯಾರಿಗೂ ಬೇಕಾಗಲಿಲ್ಲ. ಆ ಬಲ್ಬು ಎಲ್ಲ ಬಲ್ಬಿನಂತೆ ನ್ಯಾಯವಾಗಿ ಆರಿಹೋಗಿದ್ದರೆ, ಮರುದಿನ ಅವಳನ್ನು ಎಡಪ್ಪಾಡಿಗೆ ಬಿಟ್ಟೇ ಬರುತ್ತಿದ್ದರು.