ಪಟಕ್ಕೊಂದು ಮೋಡ

ಪುಷ್ಯದ ಬಿಸಿಲೆಂದರೆ ಊರಿಗೆಲ್ಲ ಇಷ್ಟ, ನನಗೊಬ್ಬನಿಗೆ ಸಿಟ್ಟು. ನನ್ನ ಹೊಸ ಡಬ್ಬಿ ಕ್ಯಾಮೆರಾದಲ್ಲಿ ಆಕಾಶದ ಪಟ ತೆಗೆದರೆ ಬರೀ ಬಿಳಿ ಕಾಗದ ಬರುತ್ತಿತ್ತು. ಒಂದಾದರೂ ಮೋಡ ಬೇಕಿತ್ತು.

ಕೋಣಂದೂರಿನ ನಮ್ಮ ಕಣದಲ್ಲಿ ಭತ್ತ ಹರವಿದ್ದ ದಿನವೇ ಮೋಡ ಕವಿಯಿತು. "ಬಂತು, ಬಂತು!" ಎಂದು ಕುಣಿಯುತ್ತಲೇ ಪಟ ತೆಗೆದೆ.

"ನಿನ್ನ ಬಾಯಿಗಷ್ಟು ಮಣ್ಣು ಹಾಕ!" ಎಂದು ಬೈಯುತ್ತಾ ಅಜ್ಜಿ ಚಾಪೆ ಹಿಡಿದು ಓಡಿದರು. ಮನೆಯವರೆಲ್ಲ ಸೇರಿ ಭತ್ತವನ್ನು ಗುಡ್ಡೆ ಮಾಡಿ ಮುಚ್ಚುವಷ್ಟರಲ್ಲಿ ಮೋಡ ಚದುರಿ ಬಿಸಿಲು ಬಿತ್ತು. ಒಂದು ಹನಿಯೂ ಉದುರಲಿಲ್ಲ.

ತಿಂಗಳ ಮೇಲೆ ಪಟ ತೊಳೆದು ಬಂತು. ಅಜ್ಜಿ ಅದನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

"ಅವತ್ತು ಮಳೆ ಯಾಕೆ ಬರ್ಲಿಲ್ಲ ಅಂತ ಈಗ ಗೊತ್ತಾತು ಮಾರಾಯ," ಎಂದರು. "ಮೋಡ ಬಂದಿದ್ದು ಪಟ ತೆಗೆಸ್ಕಳಕ್ಕೆ."